ಜನರಲ್ ಲಯಬಿಲಿಟಿ ಇದೆಯಲ್ಲ, ಲಿಕ್ಕರ್ ಲಯಬಿಲಿಟಿ ಬೇರೆ ಯಾಕೆ?

ಪ್ರಶ್ನೆ: ಡಲ್ಲಾಸ್ ಹತ್ತಿರ ನಮ್ಮದೊಂದು ರೆಸ್ಟೋರೆಂಟ್ ಇದೆ. ಇಷ್ಟು ದಿನ ನಾವು ಮದ್ಯ ಮಾರುತ್ತಿರಲಿಲ್ಲ. ಬೇಕಾದವರು ಬಿಯರ್, ವೈನ್ ತಾವೇ ತಂದುಕೊಂಡು ಕುಡಿಯುತ್ತಿದ್ದರು. ಈಗ ಮಿಕ್ಸ್ಡ್ ಬೆವರೇಜ್ ಪರ್ಮಿಟ್ ಸಿಕ್ಕಿದೆ, ಮುಂದಿನ ತಿಂಗಳು ಬಾರ್ ಶುರು. ಕಟ್ಟಡದ ಮಾಲೀಕರು 10 ಲಕ್ಷ ಡಾಲರಿನ ಲಿಕ್ಕರ್ ಲಯಬಿಲಿಟಿ (ಮದ್ಯ ಕೊಟ್ಟದ್ದರಿಂದ ಆಗುವ ಹಾನಿಯ ಇನ್ಶೂರೆನ್ಸ್) ಸರ್ಟಿಫಿಕೇಟ್ ಕೇಳುತ್ತಿದ್ದಾರೆ. ನಮ್ಮ ಏಜೆಂಟರು "ನಿಮ್ಮ ಜನರಲ್ ಲಯಬಿಲಿಟಿಯಲ್ಲೇ ಹೋಸ್ಟ್ ಲಿಕ್ಕರ್ ಇದೆ, ಸಾಕು" ಅನ್ನುತ್ತಾರೆ. ಟೆಕ್ಸಸ್‌ನಲ್ಲಿ ಇದು ಕಡ್ಡಾಯ ಅಲ್ಲವಂತೆ. ಶುಕ್ರವಾರ, ಶನಿವಾರ ಬಾರ್ ಹಿಂದೆ ನಾನು ಮತ್ತು ನನ್ನ ಭಾವಮೈದನೇ ನಿಲ್ಲುತ್ತೇವೆ, ಅವನೂ ಪಾಲುದಾರ. ಇಬ್ಬರೂ ಸರ್ವರ್ ಟ್ರೇನಿಂಗ್ ಮುಗಿಸಿದ್ದೇವೆ. ಇಷ್ಟಾದರೂ ಬೇರೆ ಪಾಲಿಸಿ ಬೇಕಾ?

ಉತ್ತರ: ಬೇಕು. ಕಡ್ಡಾಯ ಅಲ್ಲ ಅನ್ನುವುದು ನಿಜ. ಆದರೆ ನಿಮ್ಮ ಪ್ರಶ್ನೆಯ ಕೊನೆಯ ಎರಡು ಸಾಲು ಓದಿದ ಮೇಲೆ ನನಗೆ ಪಾಲಿಸಿಗಿಂತ ಜಾಸ್ತಿ ಚಿಂತೆ ಹತ್ತಿದ್ದು ನಿಮ್ಮ ಭಾವಮೈದನ ವಿಷಯದಲ್ಲಿ. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಏಜೆಂಟರ ಮಾತು. ಅವರು ಸುಳ್ಳು ಹೇಳಿಲ್ಲ. ಅವರ ಮಾತು ನಿನ್ನೆಯ ರೆಸ್ಟೋರೆಂಟಿಗೆ ಸರಿ, ಮುಂದಿನ ತಿಂಗಳ ರೆಸ್ಟೋರೆಂಟಿಗೆ ತಪ್ಪು. ಜನರಲ್ ಲಯಬಿಲಿಟಿ ಅಂದರೆ ನಿಮ್ಮ ವ್ಯವಹಾರದಿಂದ ಹೊರಗಿನವರಿಗೆ ಆದ ಹಾನಿಗೆ ದುಡ್ಡು ಕೊಡುವ ಇನ್ಶೂರೆನ್ಸ್. ಅಮೆರಿಕದಲ್ಲಿ ಹೆಚ್ಚಿನ ಕಂಪನಿಗಳ ಈ ಪಾಲಿಸಿ ಐಎಸ್‌ಒ (ಇನ್ಶೂರೆನ್ಸ್ ಸರ್ವೀಸಸ್ ಆಫೀಸ್) ಎಂಬ ಸಂಸ್ಥೆ ಬರೆದ ಒಂದೇ ಮಾದರಿಯ ಮೇಲೆ ನಿಂತಿರುತ್ತದೆ. ಅದರ ಎಕ್ಸ್‌ಕ್ಲೂಷನ್‌ಗಳಲ್ಲಿ (ಇವಕ್ಕೆ ದುಡ್ಡು ಕೊಡುವುದಿಲ್ಲ ಅನ್ನುವ ಪಟ್ಟಿಯಲ್ಲಿ) 'ಸಿ' ಅಂತ ಗುರುತು ಹಾಕಿದ ಒಂದು ಭಾಗ ಇದೆ, ಲಿಕ್ಕರ್ ಲಯಬಿಲಿಟಿ ಅಂತಲೇ ಅದರ ಹೆಸರು. ಮದ್ಯ ತಯಾರಿಸುವ, ಹಂಚುವ, ಮಾರುವ, ಬಡಿಸುವ ವ್ಯವಹಾರದಲ್ಲಿ ನೀವಿದ್ದರೆ, ಯಾರಿಗೋ ಅಮಲು ಬರಿಸಿದ್ದರಿಂದ ಆದ ಹಾನಿಗೆ ಈ ಪಾಲಿಸಿ ದುಡ್ಡು ಕೊಡುವುದಿಲ್ಲ ಎಂದು ಅದು ಹೇಳುತ್ತದೆ. ಆಫೀಸಿನವರು ವರ್ಷಕ್ಕೊಂದು ಪಾರ್ಟಿ ಮಾಡಿ ನಾಲ್ಕು ಬಾಟಲಿ ವೈನ್ ತೆರೆದರೆ ಅವರು ಆ ವ್ಯವಹಾರದಲ್ಲಿ ಇಲ್ಲ, ಹಾಗಾಗಿ ಅವರಿಗೆ ರಕ್ಷಣೆ ಇರುತ್ತದೆ. ಹೋಸ್ಟ್ ಲಿಕ್ಕರ್ ಅಂದರೆ ಇಷ್ಟೇ. ಅತಿಥಿಗೆ ಕೊಟ್ಟವರಿಗೆ ಉಂಟು, ಮಾರಿದವರಿಗೆ ಇಲ್ಲ.

ನೀವು ಇಷ್ಟು ದಿನ ಬಚಾವಾಗಿದ್ದೂ ಅದೇ ಪುಟದ ಇನ್ನೊಂದು ಸಾಲಿನಿಂದ. 2013ರಲ್ಲಿ ಆ ಮಾದರಿಯನ್ನು ತಿದ್ದಿದಾಗ, ಗ್ರಾಹಕರು ತಾವೇ ಮದ್ಯ ತಂದುಕೊಂಡು ಕುಡಿಯಲು ಬಿಟ್ಟ ಮಾತ್ರಕ್ಕೆ ಅದು ಮದ್ಯದ ವ್ಯವಹಾರ ಅನ್ನಿಸುವುದಿಲ್ಲ ಎಂದು ಬರೆದರು. ಅದಕ್ಕೆ ನೀವು ಶುಲ್ಕ ತಗೊಂಡಿದ್ದರೂ ಅಷ್ಟೇ. ನಿಮ್ಮ ಏಜೆಂಟರ ತಲೆಯಲ್ಲಿರುವುದು ಈ ಸಾಲು. ನೀವು ಮೊದಲನೇ ಗ್ಲಾಸಿಗೆ ಬಿಲ್ ಹಾಕಿದ ದಿನ ಈ ಸಾಲಿನ ಕೆಲಸ ಮುಗಿಯಿತು.

ಅದೇ 2013ರ ತಿದ್ದುಪಡಿಯಲ್ಲಿ ಇನ್ನೊಂದು ಬಾಗಿಲೂ ಮುಚ್ಚಿತು. ಅದಕ್ಕೂ ಮೊದಲು ವಕೀಲರು ದಾವೆಯನ್ನು ಸ್ವಲ್ಪ ತಿರುಗಿಸಿ ಬರೆಯುತ್ತಿದ್ದರು. 'ಕುಡಿಸಿದ್ದು ತಪ್ಪು' ಅನ್ನುವ ಬದಲು 'ಕೆಲಸದವರಿಗೆ ಸರಿಯಾಗಿ ತರಬೇತಿ ಕೊಡಲಿಲ್ಲ', 'ಕುಡಿದವನಿಗೆ ಟ್ಯಾಕ್ಸಿ ಮಾಡಿಕೊಡಲಿಲ್ಲ' ಅಂತ ಬರೆದರೆ ಜನರಲ್ ಲಯಬಿಲಿಟಿಯ ಕಂಪನಿಯನ್ನೂ ಒಳಗೆ ಎಳೆಯಬಹುದು ಅನ್ನುವ ಆಸೆ. ಕೆಲವು ಕೋರ್ಟುಗಳಲ್ಲಿ ಅದು ನಡೆಯುತ್ತಲೂ ಇತ್ತು. ಈಗ ಎಕ್ಸ್‌ಕ್ಲೂಷನ್‌ನಲ್ಲೇ ತರಬೇತಿ, ಮೇಲ್ವಿಚಾರಣೆ, ಮನೆಗೆ ಕಳಿಸುವ ವ್ಯವಸ್ಥೆ ಎಲ್ಲವನ್ನೂ ಹೆಸರು ಹಿಡಿದು ಸೇರಿಸಿದ್ದಾರೆ.

ಇನ್ನು ಕಾನೂನು. ಕುಡಿಸಿದವರ ಮೇಲೆ ಹೊಣೆ ಹೊರಿಸುವ ಕಾನೂನಿಗೆ ಇಲ್ಲಿ ಡ್ರಾಮ್ ಶಾಪ್ ಅಂತ ಹೆಸರು. ಡ್ರಾಮ್ ಅಂದರೆ ಹಳೇ ಕಾಲದ ಒಂದು ಚಿಕ್ಕ ಅಳತೆ, ಆ ಅಳತೆಯಲ್ಲಿ ಹೆಂಡ ಮಾರುತ್ತಿದ್ದ ಅಂಗಡಿಯೇ ಡ್ರಾಮ್ ಶಾಪ್. ಒಂದೊಂದು ರಾಜ್ಯದಲ್ಲಿ ಒಂದೊಂದು ಥರ. ಇಲಿನಾಯ್‌ನಲ್ಲಿ ಗ್ರಾಹಕ ಅಮಲಿನಲ್ಲಿರುವುದು ಬಡಿಸಿದವನ ಕಣ್ಣಿಗೆ ಕಂಡಿತ್ತು ಅಂತ ಸಾಬೀತು ಮಾಡುವುದೇ ಬೇಡ, ಆದರೆ ಪರಿಹಾರಕ್ಕೆ ಮೇಲ್ಮಿತಿ ಇದೆ. ಕ್ಯಾಲಿಫೋರ್ನಿಯಾದಲ್ಲಿ ಎದ್ದು ಕಾಣುವಷ್ಟು ಅಮಲೇರಿದ ಅಪ್ರಾಪ್ತರಿಗೆ ಕೊಟ್ಟ ಪ್ರಕರಣ ಬಿಟ್ಟರೆ ಮಾರಿದವರು ಬಹುಮಟ್ಟಿಗೆ ಪಾರು. ಸೌತ್ ಕೆರೊಲೈನಾದಲ್ಲಿ 2017ರಲ್ಲಿ, ಸಂಜೆ 5ರ ನಂತರ ಕೂತು ಕುಡಿಯಲು ಮದ್ಯ ಮಾರುವವರು ಕನಿಷ್ಠ 10 ಲಕ್ಷ ಡಾಲರಿನ ಲಿಕ್ಕರ್ ಲಯಬಿಲಿಟಿ ಇಟ್ಟುಕೊಳ್ಳಲೇಬೇಕು ಅಂತ ಕಾನೂನು ಬಂತು. ಅದರಿಂದ ಪ್ರೀಮಿಯಂ ಏರಿ ಎಷ್ಟೋ ಬಾರ್‌ನವರು ಕಂಗಾಲಾದರು. ಆದ್ದರಿಂದ ಬೇರೆ ರಾಜ್ಯದಲ್ಲಿ ಸ್ನೇಹಿತರಿದ್ದರೆ ಅವರ ಅನುಭವ ಕೇಳಿ, ಆದರೆ ಅದನ್ನು ನಂಬಿ ಕೂರಬೇಡಿ.

ಟೆಕ್ಸಸ್‌ನಲ್ಲಿ ದಾವೆ ಹಾಕಿದವರು ಎರಡು ವಿಷಯ ತೋರಿಸಬೇಕು. ನೀವು ಕೊಟ್ಟ ಹೊತ್ತಿಗೆ ಆ ವ್ಯಕ್ತಿ ತನಗೂ ಬೇರೆಯವರಿಗೂ ಅಪಾಯ ಅನ್ನುವಷ್ಟು ಅಮಲಿನಲ್ಲಿದ್ದ, ಅದು ಕೊಟ್ಟವರಿಗೆ ಕಾಣುತ್ತಿತ್ತು ಅನ್ನುವುದು ಒಂದು. ಆ ಅಮಲಿನಿಂದಲೇ ಹಾನಿಯಾಯಿತು ಅನ್ನುವುದು ಇನ್ನೊಂದು. ಕೇಳಲು ಕಷ್ಟದ ಪರೀಕ್ಷೆ ಅನ್ನಿಸುತ್ತದೆ, ಅಲ್ವಾ? ನಿಮಗೆ ಅನುಕೂಲವಾದ ಇನ್ನೊಂದು ವಿಷಯವೂ ಇದೆ. 2007ರಲ್ಲಿ ಟೆಕ್ಸಸ್ ಸುಪ್ರೀಂ ಕೋರ್ಟ್, ಇಂಥ ಪ್ರಕರಣದಲ್ಲೂ ಕುಡಿದವನ ತಪ್ಪೆಷ್ಟು, ಕೊಟ್ಟವನ ತಪ್ಪೆಷ್ಟು ಅಂತ ಶೇಕಡಾವಾರು ಹಂಚಬೇಕು ಎಂದು ಹೇಳಿದೆ. ನಿಮ್ಮ ಪಾಲು 50 ಶೇಕಡ ದಾಟದಿದ್ದರೆ ಸಾಮಾನ್ಯವಾಗಿ ನಿಮ್ಮ ಪಾಲಿನ ದುಡ್ಡಷ್ಟೇ ನಿಮ್ಮ ತಲೆ ಮೇಲೆ. ಆದರೆ ಇದೇ ಕೋರ್ಟ್ 1993ರಲ್ಲಿ, ಕುಡಿದು ಗಾಡಿ ಗುದ್ದಿಕೊಂಡವನು ತಾನೇ ಬಾರ್ ಮೇಲೆ ದಾವೆ ಹಾಕಬಹುದು ಅಂತಲೂ ಹೇಳಿದೆ. ನಮ್ಮ ಜನಕ್ಕೆ ಇದನ್ನು ಹೇಳಿದರೆ ನಂಬುವುದೇ ಇಲ್ಲ. "ಅವನೇ ಕುಡಿದು ಅವನೇ ಕೇಸಾ?" ಅನ್ನುತ್ತಾರೆ. ಹೌದು, ಅವನೇ.

ಮೊತ್ತ ಎಷ್ಟಾಗಬಹುದು ಅಂತ ಕೇಳಬೇಡಿ. 2022ರಲ್ಲಿ ಕಾರ್ಪಸ್ ಕ್ರಿಸ್ಟಿಯಲ್ಲಿ ಜ್ಯೂರಿಯೊಂದು ಇಬ್ಬರು ಸತ್ತ ಅಪಘಾತಕ್ಕೆ 301 ಬಿಲಿಯನ್ ಡಾಲರ್ ಪರಿಹಾರ ಬರೆದಿತ್ತು. ಯಾರೂ ವಸೂಲಿ ಮಾಡಲಾಗದ ಸಂಖ್ಯೆ ಅದು. ಜ್ಯೂರಿಗಳ ಸಿಟ್ಟು ಎಷ್ಟಿರುತ್ತದೆ ಅಂತ ಗೊತ್ತಾಗಲಿ ಅಂತ ಹೇಳಿದೆ, ಅಷ್ಟೇ.

ಈಗ ಭಾವಮೈದನ ವಿಷಯ. ಟೆಕ್ಸಸ್ ಕಾನೂನು ಮಾಲೀಕರಿಗೆ ಒಂದು ಒಳ್ಳೇ ಗುರಾಣಿ ಕೊಟ್ಟಿದೆ. ಸೇಫ್ ಹಾರ್ಬರ್ ಅನ್ನುತ್ತಾರೆ. ಕೆಲಸದವರು ಅಮಲೇರಿದವರಿಗೆ ಮದ್ಯ ಕೊಟ್ಟರೂ ಆ ತಪ್ಪನ್ನು ಮಾಲೀಕರ ತಲೆಗೆ ಕಟ್ಟುವ ಹಾಗಿಲ್ಲ, ಕೆಲವು ಷರತ್ತು ಪಾಲಿಸಿದ್ದರೆ. ರಾಜ್ಯದ ಮದ್ಯ ಆಯೋಗ, ಅಂದರೆ ಟಿಎಬಿಸಿ, ಒಪ್ಪಿದ ಶಾಲೆಯಲ್ಲಿ ಅವರು ಟ್ರೇನಿಂಗ್ ಮಾಡಿರಬೇಕು. ಮದ್ಯ ಮುಟ್ಟುವ ಎಲ್ಲರೂ, ಅವರ ನೇರ ಮ್ಯಾನೇಜರ್ ಕೂಡ, ಕೆಲಸಕ್ಕೆ ಸೇರಿದ 30 ದಿನದೊಳಗೆ ಸರ್ಟಿಫಿಕೇಟ್ ಪಡೆದಿರಬೇಕು. ನಿಮ್ಮ ನಿಯಮಗಳು ಬರಹದಲ್ಲಿರಬೇಕು, ಅವರು ಓದಿರಬೇಕು. ತಪ್ಪು ಮಾಡಲು ನೀವು ನೇರವಾಗಿಯಾಗಲಿ ಸುತ್ತುಬಳಸಿಯಾಗಲಿ ಹುರಿದುಂಬಿಸಿರಬಾರದು. ಜೊತೆಗೆ ಎಲ್ಲರೂ ಮರೆಯುವ ಒಂದು ಷರತ್ತಿದೆ. ಮದ್ಯ ಕೊಟ್ಟ ವ್ಯಕ್ತಿ ಮಾಲೀಕನೋ ಕಂಪನಿಯ ಆಫೀಸರೋ ಆಗಿರಬಾರದು.

ನೀವಿಬ್ಬರೂ ಟ್ರೇನಿಂಗ್ ಮುಗಿಸಿದ್ದು ಒಳ್ಳೆಯದೇ. ಆದರೆ ವಾರದ ಅತಿ ಗದ್ದಲದ ಎರಡು ರಾತ್ರಿ, ಅತಿ ಹೆಚ್ಚು ಕುಡಿಯುವ ಎರಡು ರಾತ್ರಿ, ಆ ಗುರಾಣಿಯನ್ನು ನೀವೇ ಕೆಳಗಿಟ್ಟು ನಿಂತ ಹಾಗೆ. ಸಂಬಳ ಉಳಿಸಲು ಮನೆಯವರೇ ನಿಲ್ಲುವುದು ನಮ್ಮ ರೆಸ್ಟೋರೆಂಟುಗಳಲ್ಲಿ ಸಾಮಾನ್ಯ. ಇದೊಂದು ಕಡೆ ಆ ಉಳಿತಾಯ ಬೇಡ ಅಂತ ನನ್ನ ಸಲಹೆ. ಸರ್ಟಿಫಿಕೇಟ್ ಇರುವ ಬಾರ್‌ಟೆಂಡರನ್ನು ಇಟ್ಟುಕೊಳ್ಳಿ. ನೀವು ಟೇಬಲ್ ಟೇಬಲ್ ಸುತ್ತಿ, ಜನರನ್ನು ಮಾತಾಡಿಸಿ, ಯಾರಿಗೆ ಇನ್ನು ಸಾಕು ಅನ್ನುವುದನ್ನು ನೋಡಿಕೊಳ್ಳಿ. ಸರ್ಟಿಫಿಕೇಟ್ ಎರಡು ವರ್ಷಕ್ಕೆ ಮುಗಿಯುತ್ತದೆ, ಎಲ್ಲರ ತಾರೀಕನ್ನೂ ಒಂದು ಕಡೆ ಬರೆದಿಡಿ. 'ಈ ವಾರ ಯಾರು ಜಾಸ್ತಿ ಕಾಕ್‌ಟೇಲ್ ಮಾರಿದರೋ ಅವರಿಗೆ 100 ಡಾಲರ್' ಅನ್ನುವಂಥ ಸ್ಪರ್ಧೆ ಇಡಬೇಡಿ. ಎದುರಿನ ವಕೀಲರಿಗೆ ಅದೇ ಹುರಿದುಂಬಿಸಿದ ಸಾಕ್ಷಿ.

ಇನ್ನೊಂದು ನಮ್ಮವರದೇ ಚಾಳಿ. ಅಮೆರಿಕದ ಲೆಕ್ಕದಲ್ಲಿ ಒಂದು ಡ್ರಿಂಕ್ ಅಂದರೆ 14 ಗ್ರಾಂ ಶುದ್ಧ ಆಲ್ಕೊಹಾಲ್. ವಿಸ್ಕಿಯಲ್ಲಿ ಅದು ಒಂದೂವರೆ ಔನ್ಸ್, ಸುಮಾರು 44 ಮಿಲಿ. ನಮ್ಮ ಊರಿನ ಲಾರ್ಜ್ 60 ಮಿಲಿ. ಭಾವಮೈದನ ಕೈ ಅಭ್ಯಾಸದಲ್ಲೇ ಲಾರ್ಜ್ ಸುರಿಯುತ್ತದೆ. ಬಿಲ್ಲಿನಲ್ಲಿ ನಾಲ್ಕು ಅಂತ ಇರುತ್ತದೆ, ಹೊಟ್ಟೆಯೊಳಗೆ ಐದಕ್ಕಿಂತ ಜಾಸ್ತಿ ಹೋಗಿರುತ್ತದೆ. ದೇಹ ಕರಗಿಸುವುದು ಗಂಟೆಗೆ ಸುಮಾರು ಒಂದು. ಅಳತೆಯ ಜಿಗ್ಗರ್ ಇಟ್ಟು ಸುರಿಯಲು ಹೇಳಿ. ಗೆಳೆಯರಿಗೆ ಸುಮ್ನೆ ಕೊಟ್ಟ ಗ್ಲಾಸ್ ಕೂಡ ಕೊಟ್ಟಿದ್ದೇ. ದುಡ್ಡು ತಗೊಂಡಿಲ್ಲ ಅಂತ ನಿಮ್ಮ ಬಾರ್ ಆ ಹೊತ್ತಿಗೆ ಬಾರ್ ಅಲ್ಲದೆ ಹೋಗುವುದಿಲ್ಲ.

ಲೆಕ್ಕ ಯಾಕೆ ಮುಖ್ಯ ಅನ್ನುವುದಕ್ಕೆ ನಾನು ಕ್ಲೇಮ್ಸ್ ವಿಭಾಗದಲ್ಲಿದ್ದಾಗ ನೋಡಿದ ಒಂದು ಫೈಲ್ ಹೇಳುತ್ತೇನೆ. ನಾಲ್ಕು ಜನರ ಟೇಬಲ್. ಮೂರು ಗಂಟೆ ಕೂತಿದ್ದರು. ಒಂದೇ ಕಾರ್ಡು, ಒಂದೇ ಬಿಲ್, 11 ಡ್ರಿಂಕ್. ಮನೆಗೆ ಹೋಗುವಾಗ ಅವರಲ್ಲೊಬ್ಬ ಇನ್ನೊಂದು ಕಾರಿಗೆ ಗುದ್ದಿದ. ತಾನು ಕುಡಿದಿದ್ದು ಮೂರು ಅಂದ. ಎದುರಿನ ವಕೀಲರು ಆರು ಅಂದರು. ಬಿಲ್ ನೋಡಿದರೆ ಎರಡೂ ನಿಜವಾಗಬಹುದು, ಯಾರು ಎಷ್ಟು ಅಂತ ಅದು ಹೇಳುವುದಿಲ್ಲ. ಕ್ಯಾಮೆರಾ ಇತ್ತು. ಆದರೆ ಎರಡು ವಾರಕ್ಕೊಮ್ಮೆ ಹಳೆಯದರ ಮೇಲೆ ಹೊಸದು ರೆಕಾರ್ಡ್ ಆಗುತ್ತಿತ್ತು. ಅಪಘಾತದ ಸುದ್ದಿ ಮರುದಿನವೇ ಗೊತ್ತಿದ್ದರೂ ಯಾರೂ ತೆಗೆದಿಡಲಿಲ್ಲ. ಬಡಿಸಿದ ಹುಡುಗಿಗೆ ನೆನಪಿದ್ದದ್ದು ಒಂದೇ, ಅವರು ಬಿರಿಯಾನಿ ತುಂಬಾ ಖಾರ ಅಂತ ವಾಪಸ್ ಕಳಿಸಿದ್ದು. ಆ ಹುಡುಗಿ ತಪ್ಪು ಮಾಡಿದ್ದಳೋ ಇಲ್ಲವೋ, ನನಗೆ ಇವತ್ತಿಗೂ ಗೊತ್ತಿಲ್ಲ. ತೋರಿಸಲು ಏನೂ ಇರಲಿಲ್ಲ, ಕಂಪನಿ ದುಡ್ಡು ಕೊಟ್ಟು ರಾಜಿ ಮಾಡಿಕೊಂಡಿತು. ಹಾಗಾಗಿ ಪಿಒಎಸ್‌ನಲ್ಲಿ (ಬಿಲ್ ಹಾಕುವ ಯಂತ್ರದಲ್ಲಿ) ಸೀಟ್ ನಂಬರ್ ಪ್ರಕಾರ ಡ್ರಿಂಕ್ ಹಾಕಿಸಿ. ಯಾರಿಗಾದರೂ ಕೊಡುವುದನ್ನು ನಿಲ್ಲಿಸಿದರೆ ಆ ರಾತ್ರಿಯೇ ನೋಟ್‌ಬುಕ್ಕಿನಲ್ಲಿ ಎರಡು ಸಾಲು ಬರೆಸಿ. ಟೆಕ್ಸಸ್‌ನಲ್ಲಿ ಇಂಥ ದಾವೆ ಹಾಕಲು ಎರಡು ವರ್ಷ ಸಮಯ ಇದೆ. ಅಷ್ಟರಲ್ಲಿ ಹುಡುಗಿ ಕೆಲಸ ಬಿಟ್ಟಿರುತ್ತಾಳೆ, ನೋಟ್‌ಬುಕ್ ಇರುತ್ತದೆ.

ಸರಿ, ಪಾಲಿಸಿ ಕೊಳ್ಳುವಾಗ ಏನು ನೋಡಬೇಕು? ಎಲ್ಲರೂ ನೋಡುವುದು ಪ್ರೀಮಿಯಂ ಮತ್ತು '10 ಲಕ್ಷ' ಅನ್ನುವ ಅಂಕಿ. ಆ ಅಂಕಿಯ ಮುಂದೆ ಏನು ಬರೆದಿದೆ ಅಂತ ಓದಿ. ಐಎಸ್‌ಒ ಮಾದರಿಯ ಲಿಕ್ಕರ್ ಪಾಲಿಸಿಯಲ್ಲಿ 'ಈಚ್ ಕಾಮನ್ ಕಾಸ್' ಲಿಮಿಟ್ ಅಂತ ಇರುತ್ತದೆ. ಒಬ್ಬ ವ್ಯಕ್ತಿಗೆ ನೀವು ಕೊಟ್ಟ ಮದ್ಯದಿಂದ ಎಷ್ಟು ಜನಕ್ಕೆ ಪೆಟ್ಟಾದರೂ ಎಲ್ಲರಿಗೂ ಸೇರಿ ಅಷ್ಟೇ. ಒಂದು ಮಿನಿವ್ಯಾನ್‌ನಲ್ಲಿ ಐದು ಜನ ಇದ್ದರೆ ಐವರೂ ಆ 10 ಲಕ್ಷವನ್ನೇ ಹಂಚಿಕೊಳ್ಳಬೇಕು. ಬೇರೆ ಪಾಲಿಸಿಗಳ ಲಿಮಿಟ್ ಮುಗಿದ ಮೇಲೆ ದುಡ್ಡು ಕೊಡುವ ಅಂಬ್ರೆಲಾ ಪಾಲಿಸಿ ಇದೆ, ಅದು ನೋಡಿಕೊಳ್ಳುತ್ತದೆ ಅಂದುಕೊಳ್ಳಬೇಡಿ. ಅದರ ಪಟ್ಟಿಯಲ್ಲಿ ಲಿಕ್ಕರ್ ಪಾಲಿಸಿಯ ಹೆಸರು ಇದೆಯಾ ನೋಡಿ, ಎಷ್ಟೋ ಸಲ ಇರುವುದಿಲ್ಲ.

ವಕೀಲರ ಫೀಸು ಲಿಮಿಟ್‌ನ ಒಳಗಾ ಹೊರಗಾ ಅಂತ ಕೇಳಿ. ಮೂಲ ಮಾದರಿಯಲ್ಲಿ ಹೊರಗೆ. ಆದರೆ ಬಾರ್‌ಗಳಿಗೆ ಪಾಲಿಸಿ ಕೊಡುವ ಸರ್ಪ್ಲಸ್ ಲೈನ್ಸ್ ಕಂಪನಿಗಳು (ಸಾಮಾನ್ಯ ಕಂಪನಿಗಳು ಬೇಡ ಅನ್ನುವ ಅಪಾಯವನ್ನು ತಗೊಳ್ಳುವ ಕಂಪನಿಗಳು) ಎಷ್ಟೋ ಸಲ ಒಳಗೆ ಸೇರಿಸುತ್ತವೆ. ಆಗ ಕೇಸ್ ನಡೆದಷ್ಟೂ ನಿಮ್ಮ 10 ಲಕ್ಷ ಕರಗುತ್ತಾ ಹೋಗುತ್ತದೆ. ಸರ್ಪ್ಲಸ್ ಲೈನ್ಸ್ ಕಂಪನಿ ಮುಳುಗಿದರೆ ಟೆಕ್ಸಸ್‌ನ ಗ್ಯಾರಂಟಿ ನಿಧಿ ಕೈ ಹಿಡಿಯುವುದಿಲ್ಲ ಅನ್ನುವುದೂ ಗೊತ್ತಿರಲಿ. ಹಾಗಂತ ಅವು ಕೆಟ್ಟ ಕಂಪನಿಗಳೇನಲ್ಲ. ತಡರಾತ್ರಿವರೆಗೆ ತೆರೆದಿರುವ, ಡಿಜೆ ಇರುವ ಜಾಗಗಳಿಗೆ ಎಷ್ಟೋ ಸಲ ಅವೇ ಗತಿ. ಕಂಪನಿಯ ರೇಟಿಂಗ್ ನೋಡಿ ತಗೊಳ್ಳಿ.

ಎಲ್ಲಕ್ಕಿಂತ ಹೆಚ್ಚು ಗಮನ ಕೊಡಬೇಕಾದದ್ದು ಹೊಡೆದಾಟದ ಎಕ್ಸ್‌ಕ್ಲೂಷನ್. 'ಅಸಾಲ್ಟ್ ಅಂಡ್ ಬ್ಯಾಟರಿ' ಅಂತ ಬರೆದಿರುತ್ತದೆ, ಸಾಮಾನ್ಯವಾಗಿ ಪಾಲಿಸಿಯ ಕೊನೆಯ ಪುಟಗಳಲ್ಲಿ, ಒಂದು ಎಂಡೋರ್ಸ್‌ಮೆಂಟ್ (ಮೂಲ ಪಾಲಿಸಿಯನ್ನು ಬದಲಿಸುವ ಹೆಚ್ಚುವರಿ ಪುಟ) ರೂಪದಲ್ಲಿ. ಕುಡಿದವರು ಕಾರು ಗುದ್ದುವುದಷ್ಟೇ ಅಲ್ಲ, ಪಾರ್ಕಿಂಗ್ ಲಾಟ್‌ನಲ್ಲಿ ಒಬ್ಬರಿಗೊಬ್ಬರು ಗುದ್ದುವುದೂ ಇದೆ. ಆಗ ದಾವೆ ನಿಮ್ಮ ಮೇಲೆ ಬರುತ್ತದೆ, ಈ ಎಂಡೋರ್ಸ್‌ಮೆಂಟ್ ಇದ್ದರೆ ಜನರಲ್ ಪಾಲಿಸಿಯೂ ಇಲ್ಲ ಅನ್ನುತ್ತದೆ, ಲಿಕ್ಕರ್ ಪಾಲಿಸಿಯೂ ಇಲ್ಲ ಅನ್ನುತ್ತದೆ. ಕೆಲವರು ಪೂರ್ತಿ ತೆಗೆಯುವ ಬದಲು ಸಣ್ಣ ಮೊತ್ತದ ಸಬ್‌ಲಿಮಿಟ್ ಕೊಡುತ್ತಾರೆ. ಎರಡು ಕೊಟೇಷನ್ ನಡುವೆ ದೊಡ್ಡ ವ್ಯತ್ಯಾಸ ಕಂಡರೆ ಮೊದಲು ಈ ಪುಟ ತೆಗೆದು ನೋಡಿ. ಅಗ್ಗದ್ದು ಯಾಕೆ ಅಗ್ಗ ಅಂತ ಬಹಳ ಸಲ ಇಲ್ಲೇ ತಿಳಿಯುತ್ತದೆ.

ಪ್ರೀಮಿಯಂ ಲೆಕ್ಕ ನಿಮ್ಮ ಮದ್ಯದ ಮಾರಾಟದ ಮೇಲೆ. ಶುರುವಿನಲ್ಲಿ ನೀವು ಅಂದಾಜು ಕೊಡುತ್ತೀರಿ, ವರ್ಷದ ಕೊನೆಗೆ ಕಂಪನಿ ಆಡಿಟ್ ಮಾಡುತ್ತದೆ. ಒಂದೂವರೆ ಲಕ್ಷ ಡಾಲರ್ ಅಂದಾಜು ಬರೆದು ಮೂರು ಲಕ್ಷ ಮಾರಿದ್ದರೆ, ಕಟ್ಟಿದಷ್ಟೇ ಇನ್ನೂ ಒಂದು ಪಾಲು ಕಟ್ಟಬೇಕಾದೀತು. ಮೊದಲ ವರ್ಷ ಹೊಸಬರೆಲ್ಲ ಇಲ್ಲಿ ಸಿಕ್ಕಿಬೀಳುತ್ತಾರೆ. ಊಟದ ಬಿಲ್ಲು, ಮದ್ಯದ ಬಿಲ್ಲು ಪಿಒಎಸ್‌ನಲ್ಲಿ ಬೇರೆ ಬೇರೆ ಹೆಡ್‌ನಲ್ಲಿರಲಿ. ಎಲ್ಲಾ ಒಟ್ಟಿಗೆ ಇದ್ದರೆ ಆಡಿಟರ್ ಊಟವನ್ನೂ ಮದ್ಯದ ಲೆಕ್ಕಕ್ಕೆ ಹಾಕಬಹುದು.

ಅರ್ಜಿಯಲ್ಲಿ ಬರೆದದ್ದು ನಿಜ ಇರಬೇಕು. ರಾತ್ರಿ 10ಕ್ಕೆ ಮುಚ್ಚುತ್ತೇವೆ ಅಂತ ಬರೆದು 2 ಗಂಟೆವರೆಗೆ ಡಿಜೆ ಹಾಕಿದರೆ, ಕ್ಲೇಮ್ ಬಂದ ದಿನ ಕಂಪನಿ ಮೊದಲು ತೆಗೆಯುವುದು ಆ ಅರ್ಜಿಯನ್ನೇ.

ವಕೀಲರ ಪತ್ರ ಬಂದರೆ ಅದೇ ದಿನ ಕಂಪನಿಗೆ ಕಳಿಸಿ. ಟೆಕ್ಸಸ್‌ನಲ್ಲಿ ಇದಕ್ಕೊಂದು ವಿಶೇಷ ಕಾರಣ ಇದೆ, ಹೆಸರು ಸ್ಟೋವರ್ಸ್. ಹ್ಯೂಸ್ಟನ್ನಿನ ಒಂದು ಫರ್ನಿಚರ್ ಅಂಗಡಿಯ ಟ್ರಕ್ಕಿಗೆ ಸಂಬಂಧಿಸಿದ ಕೇಸ್. ಪಾಲಿಸಿ ಇದ್ದದ್ದು 5,000 ಡಾಲರಿಗೆ. ಪೆಟ್ಟಾದವರು 4,000ಕ್ಕೆ ರಾಜಿಗೆ ಬಂದರು, ಇನ್ಶೂರೆನ್ಸ್ ಕಂಪನಿ ಒಪ್ಪಲಿಲ್ಲ. ತೀರ್ಪು 14,000 ದಾಟಿತು. ಲಿಮಿಟ್‌ನೊಳಗೆ ನ್ಯಾಯವಾದ ರಾಜಿ ಬಂದಾಗ ತಳ್ಳಿಹಾಕಿದ ಕಂಪನಿಯೇ ಮೇಲಿನ ದುಡ್ಡಿಗೂ ಹೊಣೆಯಾಗಬಹುದು ಎಂಬ ನಿಯಮ 1929ರಲ್ಲಿ ಅಲ್ಲಿಂದ ಹುಟ್ಟಿತು. ಇಂಥ ಪತ್ರಗಳಿಗೆ ಗಡುವು ಇರುತ್ತದೆ. ಅದು ನಿಮ್ಮ ಕ್ಯಾಷ್ ಕೌಂಟರಿನ ಡ್ರಾಯರ್‌ನಲ್ಲಿ ಎರಡು ವಾರ ಮಲಗಿದ್ದರೆ, ಈ ನಿಯಮ ನಿಮ್ಮ ಸಹಾಯಕ್ಕೆ ಬರುವುದು ಕಷ್ಟ.

ಕಟ್ಟಡದ ಮಾಲೀಕರಿಗೆ ಬರೀ ಸರ್ಟಿಫಿಕೇಟ್ ಕೊಟ್ಟರೆ ಸಾಕಾ ಅಂತ ಲೀಸ್ ತೆಗೆದು ನೋಡಿ. 'ಅಡಿಷನಲ್ ಇನ್ಶೂರ್ಡ್' (ನಿಮ್ಮ ಪಾಲಿಸಿಯಲ್ಲಿ ಅವರಿಗೂ ರಕ್ಷಣೆ) ಅಂತ ಬರೆದಿದ್ದರೆ ಅವರ ಹೆಸರು ಎಂಡೋರ್ಸ್‌ಮೆಂಟ್‌ನಲ್ಲಿ ಬರಬೇಕು. ಲಿಕ್ಕರ್ ಪಾಲಿಸಿಯಲ್ಲಿ, ಲೈಸೆನ್ಸ್ ಜಾರಿಯಲ್ಲಿಲ್ಲದ ಹೊತ್ತಿನಲ್ಲಿ ಕೊಟ್ಟ ಮದ್ಯಕ್ಕೆ ರಕ್ಷಣೆ ಇಲ್ಲ ಅನ್ನುವ ಸಾಲೂ ಇರುತ್ತದೆ. ಪರ್ಮಿಟ್ ನವೀಕರಣದ ತಾರೀಕು ತಪ್ಪಿಸಬೇಡಿ.

ಕೊನೆಗೊಂದು ವಿಷಯ, ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಬಾರ್ ಶುರು ಮಾಡುವ ಮುಂಚೆ ಗೆಳೆಯರನ್ನು, ನೆಂಟರನ್ನು ಕರೆದು ಒಂದು ಸಾಫ್ಟ್ ಓಪನಿಂಗ್ ಮಾಡುತ್ತೀರಿ ತಾನೆ? ಎಲ್ಲರೂ ಮಾಡುತ್ತಾರೆ. ಆ ರಾತ್ರಿ ಬಿಲ್ ಇರುವುದಿಲ್ಲ, ಅಳತೆ ಇರುವುದಿಲ್ಲ, ಬಾರ್ ಹಿಂದೆ ಭಾವಮೈದ ಇರುತ್ತಾನೆ, ಎಲ್ಲರೂ ಕಾರಿನಲ್ಲಿ ಬಂದಿರುತ್ತಾರೆ. ಪಾಲಿಸಿ ಜಾರಿಗೆ ಬರುವ ತಾರೀಕನ್ನು ಗ್ರ್ಯಾಂಡ್ ಓಪನಿಂಗ್ ದಿನಕ್ಕೆ ಹಾಕಿಸಬೇಡಿ. ಆ ರಾತ್ರಿಯ ತಾರೀಕು ಹಾಕಿಸಿ.